ನಲವತ್ತೆಂಟು ಕಣ್ಣುಗಳು

ಜಯನಗರ, ಬೆಂಗಳೂರು
12 ಜೂನ್ 1961

ಶಾಂತಾ,

ಇವತ್ತು ಬೆಳಿಗ್ಗೆ ಪುಸ್ತಕಗಳ ಪಾರ್ಸೆಲ್ ಕಳಿಸಿದೆ. ಇಪ್ಪತ್ತನಾಲ್ಕು ಪ್ರತಿ, ನಿನ್ನ ಶಿಶುವಿಹಾರದ ಇಪ್ಪತ್ತನಾಲ್ಕು ಮಕ್ಕಳಿಗೆ ಒಂದೊಂದು. ಹರಿಹರಕ್ಕೆ ವಾರದೊಳಗೆ ಮುಟ್ಟುತ್ತದೆ ಎಂದು ಪೋಸ್ಟ್ ಮಾಸ್ತರರು ಹೇಳಿದರು.

ಇದರಲ್ಲಿ ಅಕ್ಷರ ಕಡಿಮೆ. ಏಳು ದಪ್ಪ ಹಾಳೆ. ಪ್ರತಿ ಹಾಳೆಯಲ್ಲೂ ಒಂದೇ ಜಾಗದಲ್ಲಿ ಎರಡು ತೂತು ಕೊರೆದಿದ್ದೇನೆ. ಹಿಂದಿನ ರಟ್ಟಿಗೆ ಎರಡು ಕಣ್ಣು ಹೊಲಿದಿದೆ. ಮೊದಲ ಹಾಳೆಯಲ್ಲಿ ಅವು ಗೂಬೆಯ ಕಣ್ಣು. ಹಾಳೆ ತಿರುಗಿಸಿದರೆ ಅದೇ ಕಣ್ಣು ಬೆಕ್ಕಿನದು, ಆಮೇಲೆ ಕಪ್ಪೆಯದು, ಹುಲಿಯದು, ಹೀಗೆ ಹೋಗಿ ಕೊನೆಯ ಹಾಳೆಯಲ್ಲಿ ಅಜ್ಜಿಯದು. ಮುಖ ಬದಲಾಗುತ್ತದೆ, ನೋಟ ಬದಲಾಗುವುದಿಲ್ಲ.

ಈ ಕಣ್ಣಿಗಾಗಿ ಮೂರು ತಿಂಗಳು ಒದ್ದಾಡಿದೆ. ಗಾಜಿನ ಮಣಿ ಇಟ್ಟೆ, ಹೊಳೆಯಿತು, ನೋಡಲಿಲ್ಲ. ಬಣ್ಣ ಬಳಿದ ಅವರೆಕಾಳಿಗೆ ಹುಳ ಬಿತ್ತು. ಒಂದು ದಿನ ನನ್ನ ಕೊರಳಿನ ಲಿಂಗದ ಕರಡಿಗೆಯ ಕೊಂಡಿ ಸರಿಮಾಡಿಸಲು ಪೇಟೆಯ ಅಕ್ಕಸಾಲಿಗರ ಅಂಗಡಿಗೆ ಹೋಗಿದ್ದೆ. ತಕ್ಕಡಿಯ ಪಕ್ಕದ ಬಟ್ಟಲಿನಿಂದ ನೂರಾರು ಕಣ್ಣುಗಳು ನನ್ನನ್ನು ನೋಡುತ್ತಿದ್ದವು. ಚಿನ್ನ ತೂಗುವ ಗುಲಗಂಜಿ. ಕೆಂಪು ಮೈ, ಕರಿ ಬೊಟ್ಟು. ಪಾಪೆಯನ್ನು ನಾನು ಬರೆಯುವ ಅಗತ್ಯವೇ ಇಲ್ಲ. ಕಾದ ಸೂಜಿಯಿಂದ ಒಂದೊಂದಕ್ಕೂ ಎರಡು ತೂತು ಮಾಡಿ, ಮೇಣ ಹಚ್ಚಿದ ದಾರದಲ್ಲಿ ಹೊಲಿದೆ. ಒಟ್ಟು ನಲವತ್ತೆಂಟು.

ಚಿತ್ರದುರ್ಗದ ಶಾಲೆಯಲ್ಲಿ ನನ್ನ ಪುಸ್ತಕದಿಂದ ಹಾರಿದ ಸ್ಪ್ರಿಂಗ್ ಮೊಸಳೆ ಆ ಹುಡುಗನ ರೆಪ್ಪೆ ಸೀಳಿದ ಮೇಲೆ, ಈ ಡ್ರಾಯಿಂಗ್ ಮಾಸ್ತರ ಏಕಾಂತಯ್ಯ ಮಾಡಿದ್ದನ್ನು ಯಾವ ಶಾಲೆಯೂ ಒಳಗೆ ಬಿಟ್ಟುಕೊಂಡಿಲ್ಲ. ನಿನ್ನ ಮಾತಿನ ಮೇಲೆ ನಿಮ್ಮ ಶಾಲೆಯ ಕಾರ್ಯದರ್ಶಿ ಕರಿಬಸವಯ್ಯನವರು ಒಪ್ಪಿದ್ದಾರೆಂದು ನನಗೆ ಗೊತ್ತು. ಈ ಸಲ ಸ್ಪ್ರಿಂಗ್ ಇಲ್ಲ, ತಂತಿ ಇಲ್ಲ. ಇಪ್ಪತ್ತನಾಲ್ಕು ರಟ್ಟಿನ ತೊಂಬತ್ತಾರು ಮೂಲೆಗಳನ್ನೂ ದುಂಡಗೆ ಕತ್ತರಿಸಿ ನನ್ನ ಕೆನ್ನೆಗೆ ಉಜ್ಜಿ ನೋಡಿದ್ದೇನೆ.

ಮಕ್ಕಳು ಪುಸ್ತಕ ತೆರೆದ ಕೂಡಲೆ “ಯಾರು ನೋಡ್ತಿದಾರೆ?” ಎಂದು ಕೇಳು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಕಳಿಸು. ಪೇಟೆಯ ಪುಸ್ತಕದಂಗಡಿಯ ಸೋಮಲಿಂಗಪ್ಪನವರು, ಶಾಲೆಯಿಂದ ಒಳ್ಳೆಯ ಪತ್ರ ಬಂದರೆ ಅಚ್ಚಿಗೆ ಹಾಕಿಸುವುದಾಗಿ ಹೇಳಿದ್ದಾರೆ.

ನಿನ್ನ ಅಣ್ಣ
ಏಕಾಂತಯ್ಯ

---

ಹರಿಹರ
24 ಜೂನ್ 1961

ಅಣ್ಣನಿಗೆ ಶರಣು.

ಪಾರ್ಸೆಲ್ ಸೋಮವಾರ ಬಂತು. ಒಂದು ಪ್ರತಿಯ ಮೂಲೆಯೂ ಮುದುಡಿಲ್ಲ. ಹುಲಿಯ ಮೀಸೆಯನ್ನು ಎಷ್ಟು ಸಣ್ಣ ಕುಂಚದಲ್ಲಿ ಬರೆದೆಯೋ ಎಂದು ಆಶ್ಚರ್ಯವಾಯಿತು. ಮಕ್ಕಳು ಬಹಳ ಮೆಚ್ಚಿದರು. ಅಂಗಡಿಯವರಿಗೆ ತೋರಿಸಲು ಬೇರೆ ಹಾಳೆಯಲ್ಲಿ ನಾಲ್ಕು ಸಾಲು ಬರೆದಿದ್ದೇನೆ. ಕರಿಬಸವಯ್ಯನವರು ಮೊಹರು ಒತ್ತಿ, “ಈ ಸಲ ನಿಮ್ಮಣ್ಣಾರು ಹಲ್ಲಿಲ್ಲದ ಪ್ರಾಣಿ ಕಳ್ಸ್ಯಾರೆ, ಪುಣ್ಯ” ಅಂದರು.

ಇಲ್ಲಿ ಹೊಳೆಯ ಕಡೆಯಿಂದ ಬಿಡದೆ ಗಾಳಿಮಳೆ. ಮಕ್ಕಳನ್ನು ಅಂಗಳಕ್ಕೆ ಬಿಡುವಂತಿಲ್ಲ. ಅಟ್ಟದ ಮೇಲಿದ್ದ ಅಳಗುಳಿ ಮಣೆಯನ್ನು ನಮ್ಮ ಜವಾನ ಬೋರಣ್ಣ ಇಳಿಸಿ ಒರೆಸಿಕೊಟ್ಟಿದ್ದಾನೆ. ವಾರಿಜಾ ಎಂಬ ನಾಲ್ಕು ವರ್ಷದ ಹುಡುಗಿ ಈ ವರ್ಷ ಹೊಸದಾಗಿ ಸೇರಿದ್ದಾಳೆ. ಬಳಪ ತಿನ್ನುವ ಚಟ. ಬೋರಣ್ಣ ದಿನಕ್ಕೆ ಮೂರು ಸಲ ಅವಳ ಬಾಯಿಗೆ ಬೆರಳು ಹಾಕಿ ತೆಗೆಯುತ್ತಾನೆ, ಮೂರು ಸಲವೂ ಅವಳು ಕಚ್ಚುತ್ತಾಳೆ. ಆದರೆ ಎಣಿಸುವುದರಲ್ಲಿ ಎಲ್ಲರಿಗಿಂತ ಮುಂದು.

ಇನ್ನೊಂದು ಮಾತು. ಶಾಲೆಯ ವಿಳಾಸಕ್ಕೆ ಬರುವ ಕಾಗದಗಳನ್ನು ಕಾರ್ಯದರ್ಶಿಗಳು ಒಡೆದು ಓದಿ ಆಮೇಲೆ ಕೊಡುತ್ತಾರೆ. ಅದು ತಪ್ಪೆಂದು ಅವರಿಗೆ ಅನ್ನಿಸಿಲ್ಲ. ನೋಡಿಕೊಂಡು ಬರೆ.

ಶಾಂತಾ

---

ಜಯನಗರ
1 ಜುಲೈ 1961

ಶಾಂತಾ,

ನಿನ್ನ ನಾಲ್ಕು ಸಾಲನ್ನು ಸೋಮಲಿಂಗಪ್ಪನವರು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಓದಿದರು. “ಮಾಸ್ತರೇ, ದೀಪಾವಳಿಗೆ ತರೋಣ” ಎಂದರು. ನಾನು ಮನೆಗೆ ನಡೆದೇ ಬಂದೆ; ಬಸ್ಸಿನಲ್ಲಿ ಕೂರುವ ಮನಸ್ಸಾಗಲಿಲ್ಲ.

ಮಾದರಿಗೆಂದು ಇನ್ನಷ್ಟು ಪ್ರತಿ ಬೇಕು. ಮತ್ತೊಂದು ಬಟ್ಟಲು ಗುಲಗಂಜಿ ತಂದು ತೂತು ಮಾಡಲು ಶುರುಮಾಡಿದ್ದೇನೆ. ಕೈ ಪಳಗಿದೆ, ಈ ಸಲ ಒಂದೂ ಸೀಳಿಲ್ಲ.

ಮಕ್ಕಳು ಮೆಚ್ಚಿದರು ಎಂದು ಬರೆದಿದ್ದೀಯ. ಯಾವ ಮಗು, ಏನು ಹೇಳಿತು? ಯಾವ ಹಾಳೆಯಲ್ಲಿ ನಿಂತರು? ನನಗೆ ಬೇಕಾದದ್ದು ಅದು. ಮೆಚ್ಚುಗೆಯಿಂದ ಮುಂದಿನ ಪುಸ್ತಕ ಮಾಡಲು ಬರುವುದಿಲ್ಲ.

ಅಣ್ಣ

---

ಜಯನಗರ
8 ಜುಲೈ 1961
(ಪೋಸ್ಟ್ ಮಾಡಲಿಲ್ಲ)

ಶಾಂತಾ,

ಇದನ್ನು ಓದಿದ ಕೂಡಲೆ ಎಲ್ಲ ಪುಸ್ತಕಗಳನ್ನೂ ಮಕ್ಕಳ ಕೈಯಿಂದ ತೆಗೆದುಕೋ. ಗುಲಗಂಜಿ ವಿಷ.

ಮಧ್ಯಾಹ್ನ ಮನೆಯೊಡತಿ ಮುನಿಲಕ್ಷ್ಮಮ್ಮ ಹಿತ್ತಲಿನ ಸೊಪ್ಪು ಕೊಡಲು ಬಂದರು. ನಮ್ಮ ರಸ್ತೆ ಹೋಗಿರುವುದು ಅವರ ರಾಗಿ ಹೊಲದ ಮೇಲೆ; ಉಳಿದ ತುಂಡಿನಲ್ಲಿ ಎರಡು ಮನೆ ಕಟ್ಟಿಸಿ ಒಂದರಲ್ಲಿ ನನ್ನನ್ನು ಇಟ್ಟಿದ್ದಾರೆ. ಮೇಜಿನ ಮೇಲಿನ ತಟ್ಟೆ ನೋಡಿ ನಕ್ಕರು.

“ಏನ್ ಸಾಮಿ, ಇಷ್ಟೊಂದ್ ಗುಲಗಂಜಿ? ಚಿನ್ನದಂಗಡಿ ಇಕ್ತೀರಾ?”

ಮಕ್ಕಳ ಪುಸ್ತಕಕ್ಕೆ ಕಣ್ಣು ಎಂದೆ. ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ನಗು ನಿಂತಿತು.

“ತೂತ ಯಾಕ್ ಮಾಡಿದ್ದೀರಿ?”

“ತೂತಿಲ್ದೆ ಹೊಲಿಯೋದು ಹೇಗಮ್ಮ?”

“ಗಟ್ಟಿ ಕಾಳು ನುಂಗಿದ್ರೆ ಹಂಗೇ ಆಚೆ ಬತ್ತದೆ. ಸಿಪ್ಪೆ ಒಡೀತೋ, ಅಷ್ಟೆಯ. ನಮ್ಮಕ್ಕನ್ನ ಚಿಕ್ಕಲಸಂದ್ರಕ್ಕೆ ಕೊಟ್ಟಿದ್ದು. ಅವ್ರ ಎತ್ತಿಗೆ ದಾಯಾದಿ ಇದನ್ನೇ ಅರೆದು, ಮುಳ್ಳಿನಂಗೆ ಮಾಡಿ ಒಣಗ್ಸಿ ಚುಚ್ಚಿದ್ದ. ಮೂರ್ ದಿನಕ್ಕೆ ಎತ್ತು ಮಲಗ್ತು, ಏಳ್ನಿಲ್ಲ. ಓದ್ದೋರು ನೀವು, ನಿಮ್ಗಿದು ಗೊತ್ತಿಲ್ವಾ?”

ನನಗೆ ಗೊತ್ತಿರಲಿಲ್ಲ. ಅಕ್ಕಸಾಲಿಗರು ದಿನವಿಡೀ ಮುಟ್ಟುವ ಕಾಳು, ಆದ್ದರಿಂದ ನಿರಪಾಯ ಎಂದುಕೊಂಡೆ. ಅವರು ಅದಕ್ಕೆ ತೂತು ಮಾಡುವುದಿಲ್ಲ ಎಂಬುದು ಹೊಳೆಯಲಿಲ್ಲ. ನಲವತ್ತೆಂಟು ಕಾಳಿನ ಸಿಪ್ಪೆಯನ್ನು ನಾನೇ ಒಡೆದಿದ್ದೇನೆ, ಒಂದೊಂದನ್ನೂ ಎರಡೆರಡು ಕಡೆ. ನಿನ್ನ ಆ ಬಳಪ ತಿನ್ನುವ ಹುಡುಗಿ

ಇಷ್ಟು ಬರೆದ ಮೇಲೆ, ಇದನ್ನು ಮೊದಲು ಓದುವವರು ಕರಿಬಸವಯ್ಯನವರು ಎಂಬುದು ನೆನಪಾಯಿತು.

---

ಜಯನಗರ
8 ಜುಲೈ 1961

ಶಾಂತಾ,

ಪುಸ್ತಕಗಳಿಗೆ ಬಳಸಿದ ಅಂಟು ಕೆಟ್ಟಿತ್ತೆಂದು ಈಗ ತಿಳಿಯಿತು. ಮಳೆಗಾಲದಲ್ಲಿ ಹುಳ ಬೀಳುತ್ತದೆ. ದಯವಿಟ್ಟು ಇಪ್ಪತ್ತನಾಲ್ಕು ಪ್ರತಿಗಳನ್ನೂ ಕೂಡಲೆ ಹಿಂದಕ್ಕೆ ಕಳಿಸು. ಅಲ್ಲಿಯವರೆಗೆ ಬೀರುವಿನಲ್ಲಿಟ್ಟು ಬೀಗ ಹಾಕು, ಮಕ್ಕಳಿಗೆ ಕೊಡಬೇಡ. ಒಂದು ಪ್ರತಿಯೂ ಉಳಿಯಬಾರದು. ಹೊಸ ಅಂಟು ಹಾಕಿ ನಾನೇ ಮರಳಿ ಕಳಿಸುತ್ತೇನೆ.

ಕಾರ್ಯದರ್ಶಿಗಳಿಗೆ ನನ್ನ ನಮಸ್ಕಾರ ತಿಳಿಸು.

ಅಣ್ಣ

---

ಹರಿಹರ
14 ಜುಲೈ 1961

ಅಣ್ಣನಿಗೆ ಶರಣು.

ನಿನ್ನ ಕಾಗದ ಬಂತು. ಪ್ರತಿಗಳನ್ನು ಒಂದೊಂದಾಗಿ ನೋಡಿದೆ, ಹುಳ ಇಲ್ಲ. ಈಗಲೇ ಕಳಿಸುವುದು ಕಷ್ಟ. ಮಕ್ಕಳು ಬಿಡುವುದಿಲ್ಲ. ತಿಂಗಳ ಕೊನೆಗೆ ಇನ್‌ಸ್ಪೆಕ್ಟರು ಬರುತ್ತಾರೆ, ಅವರಿಗೂ ತೋರಿಸಬೇಕೆಂದು ಕರಿಬಸವಯ್ಯನವರ ಇಷ್ಟ. ಅದು ಮುಗಿಯಲಿ.

ಸೋಮಲಿಂಗಪ್ಪನವರಿಗೆ ಮಾದರಿ ಕಡಿಮೆ ಬಿದ್ದು ಇವನ್ನು ಕೇಳುತ್ತಿದ್ದೀಯೇನೋ ಎಂದು ಒಂದು ಕ್ಷಣ ಅನ್ನಿಸಿತು. ಹಾಗಿದ್ದರೆ ಹಾಗೆಂದೇ ಬರೆ. ಆದರೂ ಈ ಪ್ರತಿಗಳನ್ನು ಅಂಗಡಿಗೆ ತೋರಿಸುವುದು ಬೇಡ, ಮಕ್ಕಳು ಆಡಿದ ಪುಸ್ತಕ ಮೊದಲಿನಂತೆ ಇರುವುದಿಲ್ಲ.

ಶಾಂತಾ

---

ಜಯನಗರ
17 ಜುಲೈ 1961

ಶಾಂತಾ,

ನಾನು ಕೇಳಿದ್ದು ಪುಸ್ತಕ, ನೀನು ಕಳಿಸಿದ್ದು ಕಾರಣ. ಅಂಟಿನ ವಿಷಯ ಬಿಡು. ಕಣ್ಣು ಹೊಲಿದ ದಾರ ಗಟ್ಟಿಯಿಲ್ಲ. ಕಾಳು ಉದುರಿದರೆ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಇದನ್ನು ಓದಿದ ದಿನವೇ ಕೂತು ಎಣಿಸು. ಪುಸ್ತಕಕ್ಕೆ ಎರಡರಂತೆ ನಲವತ್ತೆಂಟು ಇರಬೇಕು. ಎಷ್ಟಿವೆಯೆಂದು ಮರುಟಪಾಲಿನಲ್ಲಿ ಬರೆ. ಇನ್‌ಸ್ಪೆಕ್ಟರು ಏನಾದರೂ ಅಂದುಕೊಳ್ಳಲಿ.

ಅಣ್ಣ

---

ಹರಿಹರ
20 ಜುಲೈ 1961

ಅಣ್ಣನಿಗೆ ಶರಣು.

ನಿನ್ನ ಕೋಪದ ಕಾಗದ ಓದಿದ ಮೇಲೆ ಮುಚ್ಚಿಡುವುದು ಸರಿಯಲ್ಲ ಅನ್ನಿಸಿತು. ಪುಸ್ತಕಗಳನ್ನು ಕಳಿಸದೆ ಇರುವುದಕ್ಕೆ ಕಾರಣ ಬೇರೆ. ಅವುಗಳಲ್ಲಿ ನಿನ್ನ ಕಣ್ಣುಗಳಿಲ್ಲ.

ಮೊದಲ ದಿನವೇ ಮಕ್ಕಳು ಅತ್ತರು. ಕೆಲವರು ಪುಸ್ತಕವನ್ನು ಬೋರಲು ಹಾಕಿ ಮೇಲೆ ಸ್ಲೇಟು ಇಟ್ಟರು. ಒಬ್ಬ ಮರುದಿನ ಶಾಲೆಗೇ ಬರಲಿಲ್ಲ. ಆ ಸಂಜೆ ನಾನು ಎಲ್ಲ ಕಣ್ಣುಗಳನ್ನೂ ಕತ್ತರಿಸಿ ತೆಗೆದು ಅಂಗಿಯ ಬಿಳಿ ಗುಂಡಿ ಹೊಲಿದೆ. ಆಮೇಲೆ ಯಾರೂ ಅಳಲಿಲ್ಲ. ಗುಂಡಿಯ ಕಣ್ಣಿನ ಹುಲಿಯನ್ನು ಕಂಡು ನಕ್ಕರು. ಮೂರು ತಿಂಗಳು ಹುಡುಕಿ ತಂದ ಕಣ್ಣೆಂದು ನೀನು ಬರೆದಿದ್ದೆ. ಚಿತ್ರದುರ್ಗದ ಮೇಲೆ ಇದನ್ನೂ ನಿನಗೆ ಹೇಳಲು ನನಗೆ ಆಗಲಿಲ್ಲ. ಅಂಗಡಿಗೆ ಬರೆದ ನಾಲ್ಕು ಸಾಲೂ ಅದಕ್ಕೇ.

ಆದ್ದರಿಂದ ದಾರ ಸಡಿಲವಾಗುವ ಭಯ ನಿನಗೆ ಬೇಡ. ನಿನ್ನ ಕಾಳು ಒಂದೂ ವ್ಯರ್ಥವಾಗಿಲ್ಲ. ಅಳಗುಳಿ ಮಣೆಗೆ ಹದಿನಾಲ್ಕು ಗುಳಿ, ಗುಳಿಗೆ ಐದರಂತೆ ಎಪ್ಪತ್ತು ಕಾಳು ಬೇಕು. ನಮ್ಮಲ್ಲಿ ಹುಣಿಸೆಬೀಜ ಇಪ್ಪತ್ತೆರಡೇ ಇತ್ತು. ನಿನ್ನ ನಲವತ್ತೆಂಟು ಸೇರಿ ಸರಿಹೋಯಿತು. ನಿನ್ನೆಯೂ ಎಣಿಸಿದೆ, ಎಪ್ಪತ್ತಕ್ಕೆ ಎಪ್ಪತ್ತೂ ಇವೆ. ಪುಸ್ತಕದಲ್ಲಿ ಹೆದರಿಸಿದ ಕಣ್ಣನ್ನೇ ಈಗ ಕೆಂಪು ಕಾಳೆಂದು ಕಿತ್ತಾಡಿ ಹಿಡಿಯುತ್ತಾರೆ. ವಾರಿಜಾ ಅಂತೂ ಆಟ ಮುಗಿದರೂ ಮುಷ್ಟಿ ಬಿಚ್ಚುವುದಿಲ್ಲ.

ಕೋಪ ಬಿಡು.

ಶಾಂತಾ

---

ತಂತಿ
ಬೆಂಗಳೂರು, 22 ಜುಲೈ 1961

ಗುಲಗಂಜಿ ವಿಷ. ಮಕ್ಕಳಿಂದ ಈಗಲೇ ತೆಗೆ. ಎಣಿಸು. ಒಂದು ಕಡಿಮೆಯಿದ್ದರೂ ಡಾಕ್ಟರಿಗೆ ಹೇಳು. ಏಕಾಂತಯ್ಯ

---

ಜಯನಗರ
22 ಜುಲೈ 1961

ಶಾಂತಾ,

ತಂತಿ ಕೊಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ಎಂಟನೇ ತಾರೀಖು ಬರೆದು ಪೋಸ್ಟ್ ಮಾಡದ ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ. ಯಾರು ಮೊದಲು ಓದಿದರೂ ಓದಲಿ.

ಒಂಬತ್ತರಂದು ನಾನೇ ಹೊರಟು ಸಿಟಿ ಸ್ಟೇಷನ್ನಿಗೆ ಹೋಗಿದ್ದೆ. ಟಿಕೆಟ್ ತೆಗೆದುಕೊಂಡಿದ್ದೆ. ಕರಿಬಸವಯ್ಯನವರ ಎದುರಿಗೆ ನಿಂತು ಮೊದಲ ಮಾತು ಏನು ಆಡುವುದೆಂದು ಯೋಚಿಸುತ್ತಾ ಬೆಂಚಿನ ಮೇಲೆ ಕೂತೆ. ರೈಲು ಹೊರಟಿತು. ಪುಸ್ತಕ ಹೇಗೂ ವಾಪಸು ಬರುತ್ತದೆ ಎಂದುಕೊಂಡು ಮನೆಗೆ ಬಂದೆ. ಮಕ್ಕಳು ಬಿಡುವುದಿಲ್ಲ ಎಂದು ನೀನು ಬರೆದಾಗ ನನಗೆ ಗಾಬರಿಗಿಂತ ಮೊದಲು ಸಂತೋಷವಾಯಿತು. ಅದನ್ನೂ ನಿನಗೆ ಹೇಳಿಬಿಡಬೇಕು.

ಕಾಳುಗಳನ್ನು ಮುಟ್ಟಿದವರೆಲ್ಲ ಕೈ ತೊಳೆಯಲಿ. ನಾನು ಅಲ್ಲಿಗೆ ಹೊರಡಲೇ? ತಂತಿ ಕೊಡು.

ಅಣ್ಣ

---

ಹರಿಹರ
25 ಜುಲೈ 1961

ಬರಬೇಡವೆಂದು ಭಾನುವಾರ ಕೊಟ್ಟ ತಂತಿ ತಲುಪಿರಬೇಕು. ಕಾರಣ ಇದರಲ್ಲಿದೆ.

ನಿನ್ನ ತಂತಿ ಶನಿವಾರ ನಾಲ್ಕು ಗಂಟೆಗೆ ಬಂತು. ಶಾಲೆ ಬಿಟ್ಟಿತ್ತು. ಬೋರಣ್ಣನೂ ನಾನೂ ಮಣೆಯ ಡಬ್ಬಿ ಬೋರಲು ಹಾಕಿ ಎಣಿಸಿದೆವು. ಕೆಂಪು ನಲವತ್ತೇಳು. ಚಾಪೆ ಕೊಡವಿದಾಗ ಅರ್ಧ ಕಾಳು ಸಿಕ್ಕಿತು. ನೀನು ತೂತು ಮಾಡಿದ ಕಡೆ ಸೀಳಿತ್ತು, ಮೇಲೆ ಹಲ್ಲಿನ ಗುರುತಿತ್ತು. ಬೋರಣ್ಣ, ವಾರಿಜಾ ಕಚ್ಚುತ್ತಿದ್ದ ತನ್ನ ಬೆರಳನ್ನು ನೋಡಿಕೊಂಡ.

ವಾರಿಜಾ ಶುಕ್ರವಾರ ಸಂಜೆಯಿಂದ ವಾಂತಿ ಮಾಡುತ್ತಿದ್ದಳು. ಅಜೀರ್ಣವೆಂದು ಅವಳ ತಾಯಿ ಉಮಾಮಹೇಶ್ವರಿ ಓಮದ ನೀರು ಕುಡಿಸಿದ್ದರು. ನಾವು ಅವಳ ಮನೆಗೆ ಹೋದಾಗ ರಕ್ತಭೇದಿ ಶುರುವಾಗಿತ್ತು. ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ್ದೇವೆ. ಇದಕ್ಕೆ ಪ್ರತಿವಿಷ ಇಲ್ಲ ಎಂದು ಡಾಕ್ಟರು ಹೇಳಿದರು. ನರಕ್ಕೆ ಉಪ್ಪುನೀರು ಏರಿಸಿ ಕಾಯಬೇಕು. ಎಷ್ಟು ದಿನ ಎಂದು ಕೇಳಿದೆ. ಅವರು ಮುಂದಿನ ಮಂಚಕ್ಕೆ ಹೋದರು.

ನಿನ್ನ ಲಕೋಟೆ ಇವತ್ತು ಬಂತು. ಕರಿಬಸವಯ್ಯನವರು ಒಳಗಿದ್ದ ಎಂಟನೇ ತಾರೀಖಿನ ಕಾಗದವನ್ನೂ ಓದಿದರು. ತಾರೀಖನ್ನು ಎರಡು ಸಲ ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟರು.

ಅವಳು ಕಚ್ಚಿದ್ದು ಇಪ್ಪತ್ತೊಂದರಂದು.

ಇಲ್ಲಿಗೆ ಬರಬೇಡ. ಉಮಾಮಹೇಶ್ವರಿ ನಿನ್ನನ್ನು ನೋಡಲಾರರು. ನಾನೂ ಈಗ ನೋಡಲಾರೆ.

ಶಾಂತಾ

---

ಜಯನಗರ
4 ಆಗಸ್ಟ್ 1961

ಶಾಂತಾ,

ಎರಡು ಕಾರ್ಡಿಗೆ ಉತ್ತರವಿಲ್ಲ. ಇದಕ್ಕೆ ಒಂದೇ ಪದ ಬರೆದರೂ ಸಾಕು.

ಇಲ್ಲಿ ಉಳಿದಿದ್ದ ಕಾಳುಗಳನ್ನು ಹಿತ್ತಲಲ್ಲಿ ಹೂಳಲು ಹೋದೆ. ಮುನಿಲಕ್ಷ್ಮಮ್ಮ ಕೈ ಹಿಡಿದು, “ಹೂಳಿದ್ರೆ ಮೊಳೀತದೆ ಸಾಮಿ, ಒಲೆಗೆ ಹಾಕಿ” ಎಂದರು. ಅವರೇ ನಿಂತು ಸುಡಿಸಿದರು. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು “ಮಗು ಹೆಂಗದೆ?” ಎಂದು ಕೇಳುತ್ತಾರೆ. ಕಾಗದ ಬಂದಿಲ್ಲ ಎನ್ನುತ್ತೇನೆ. ನಿನ್ನೆ, “ಬರ್ದಿದ್ರೂ ನೀವ್ ನಂಗೆ ಹೇಳ್ತೀರೋ ಇಲ್ವೋ” ಎಂದು ಹೋದರು.

ಸೋಮಲಿಂಗಪ್ಪನವರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ನಿನ್ನ ನಾಲ್ಕು ಸಾಲಿನ ಹಾಳೆಯನ್ನು ಮಡಿಸಿ ನನಗೇ ಕೊಟ್ಟರು. ನಿಮ್ಮ ಶಾಲೆಯ ಆಡಳಿತ ಮಂಡಳಿಗೂ ಬೇರೆಯಾಗಿ ಬರೆದಿದ್ದೇನೆ. ತಪ್ಪು ನನ್ನದು, ಎಂಟರಂದೇ ಗೊತ್ತಿತ್ತು ಎಂದು ಬರೆದಿದ್ದೇನೆ.

ಇದ್ದಾಳೆಯೆ?

ಅಣ್ಣ

---

ಹರಿಹರ
12 ಆಗಸ್ಟ್ 1961

ಇದ್ದಾಳೆ. ಮೊನ್ನೆ ಮನೆಗೆ ಕರೆತಂದರು. ತೋಳು ನನ್ನ ಎರಡು ಬೆರಳಿನಷ್ಟಿದೆ. ಗಂಜಿಯ ನೀರು ಉಳಿಯುತ್ತಿದೆ. ಮೂತ್ರಪಿಂಡಕ್ಕೆ ಏನಾದರೂ ಆಗಿದೆಯೋ ಎಂಬುದು ವರ್ಷ ಕಳೆದ ಮೇಲೆ ಗೊತ್ತಾಗುತ್ತದಂತೆ.

ಅವಳನ್ನು ಮತ್ತೆ ಶಾಲೆಗೆ ಕಳಿಸುವುದಿಲ್ಲ. ನನ್ನನ್ನೂ ಒಂದನೇ ತಾರೀಖಿನಿಂದ ಬರಬೇಡವೆಂದಿದ್ದಾರೆ. ಕರಿಬಸವಯ್ಯನವರು ಮರ್ಯಾದೆಯಿಂದಲೇ ಹೇಳಿದರು. ನಿನ್ನ ಪತ್ರ ಮಂಡಳಿಗೆ ಬಂದಿತ್ತು. ಅದರಿಂದ ಏನೂ ಬದಲಾಗಲಿಲ್ಲ. ಕಾಳನ್ನು ಮಕ್ಕಳ ಕೈಗೆ ಕೊಟ್ಟದ್ದು ನೀನಲ್ಲ, ನಾನು. ಇದಿಷ್ಟೂ ಆದ ಮೇಲೂ ನಿನ್ನ ಮೇಲೆ ಪೂರ್ತಿ ಕೋಪ ಮಾಡಿಕೊಳ್ಳಲು ನನಗೆ ಆಗುತ್ತಿಲ್ಲ. ಪ್ರಯತ್ನಪಟ್ಟೆ.

ಜೂನ್ ಹನ್ನೆರಡರ ಕಾಗದದಲ್ಲಿ ನೀನು ಒಂದು ಕೇಳಿದ್ದೆ. ಜುಲೈ ಒಂದರಂದು ಮತ್ತೆ ಕೇಳಿದ್ದೆ. ಮಕ್ಕಳ ಮಾತಿನಲ್ಲೇ ಬರೆ ಎಂದಿದ್ದೆ. ನಾನು ಬರೆಯಲಿಲ್ಲ. ಬರೆದಿದ್ದರೆ ಸೋಮಲಿಂಗಪ್ಪನವರ ಮುಂದೆ ನಿನ್ನ ತಲೆ ತಗ್ಗುತ್ತಿತ್ತು. ಅಷ್ಟೇ ಆಗುತ್ತಿತ್ತು. ಈಗ ಬರೆಯುತ್ತೇನೆ.

ನೀನು ಹೇಳಿಕೊಟ್ಟಂತೆ “ಯಾರು ನೋಡ್ತಿದಾರೆ?” ಎಂದು ಕೇಳಿದೆ.

“ಗೂಬೆ” ಅಂದರು ಎಲ್ಲರೂ.

ಹಾಳೆ ತಿರುಗಿಸಿದೆ. “ಈಗ?”

“ಬೆಕ್ಕಲ್ಲ ಟೀಚರ್. ಅದೇ ಗೂಬೆ, ಬೆಕ್ಕಿನ ತಲೆ ಹಾಕ್ಯಂಡೈತಿ.”

ಕೊನೆಗೆ ಅಜ್ಜಿಯ ಹಾಳೆ ಬಂತು. “ಅಜ್ಜಿ ಒಳಗೂ ಅದೇ ಕುಂತೈತಿ” ಎಂದು ಒಬ್ಬ ಹುಡುಗ ಕಿರುಚಿದ. ಅಲ್ಲಿಂದ ಅಳು ಶುರುವಾಯಿತು.

ವಾರಿಜಾ ಒಬ್ಬಳೇ ಅಳಲಿಲ್ಲ. ಎರಡೂ ಅಂಗೈಯನ್ನು ಆ ಕಣ್ಣುಗಳ ಮೇಲೆ ಇಟ್ಟು ಸ್ವಲ್ಪ ಹೊತ್ತು ಕೂತಿದ್ದಳು. ಕೈ ತೆಗೆದು ಬಗ್ಗಿ ನೋಡಿದಳು. ಮತ್ತೆ ಮುಚ್ಚಿದಳು, ಮತ್ತೆ ನೋಡಿದಳು.

“ಟೀಚರ್, ಪಾಪ, ಇದಕ್ಕೆ ನಿದ್ದೆ ಬಂದೈತಿ. ಕಣ್ಣು ಮುಚ್ಚಾಕೆ ಬರಲ್ಲೇನು ಇದಕ್ಕೆ?”

ಬರಲ್ಲಮ್ಮ, ಅಂದೆ.

ಅವಳೇ ಎದ್ದು ಹೋಗಿ ನನ್ನ ಮೇಜಿನ ಮೇಲಿಂದ ಕತ್ತರಿ ತಂದುಕೊಟ್ಟಳು.

ಶಾಂತಾ